ಮೂರು ವರ್ಷ ನನಗೆ ಬೈಯದಿದ್ದವರು

ನಮ್ಮ ತೋಡಿನ, ಅಂದರೆ ಸಣ್ಣ ಹಳ್ಳದ, ಎರಡು ಬದಿಗಳಲ್ಲಿ ಒಟ್ಟು ಹನ್ನೊಂದು ಮನೆಗಳಿವೆ. ಅವರ ಸ್ವಂತ ಮನೆಯನ್ನು ಲೆಕ್ಕದಿಂದ ಬಿಟ್ಟರೆ, ಅವರು ಜಗಳ ಮಾಡದೆ ಉಳಿಸಿದ್ದು ಒಂದೇ ಮನೆಯನ್ನು. ಅದು ನಮ್ಮದು. ಈ ಮರ್ಯಾದೆಯನ್ನು ನಾನು ಮೂರು ವರ್ಷ ಅನುಭವಿಸಿದೆ. ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಪ್ರಿನ್ಸಿಪಾಲರೂ ನನಗೆ ಅಂಥ ಶಿಕ್ಷೆ ಕೊಟ್ಟಿರಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಒತ್ತಕ್ಷರ ತಪ್ಪಿದೆ ಎಂದೋ, ತನ್ನ ಹೆಸರಿಗಿಂತ ಮೊದಲು ಅಪ್ಪನ ಹೆಸರು ಬರಬೇಕಿತ್ತು ಎಂದೋ ತಕರಾರು ತೆಗೆಯುವ ಮನುಷ್ಯ. ತಕರಾರು ತೆಗೆಯಲು ಈಗ ಅವರಿಲ್ಲ, ನಿಜ. ಆದರೂ ನನಗೆ ಧೈರ್ಯ ಬರುವುದಿಲ್ಲ. ಊರಿಗೆಲ್ಲ ಅವರು ‘ಅಣ್ಣೇರು’. ತುಳುವಿನಲ್ಲಿ ಅಣ್ಣನನ್ನು ಗೌರವದಿಂದ ಕರೆಯುವ ಮಾತು ಅದು. ನಾನೂ ಹಾಗೆಯೇ ಕರೆಯುತ್ತಿದ್ದೆ, ಹಾಗೆಯೇ ಬರೆಯುತ್ತೇನೆ.

ನಾನು ಬಯಲುಸೀಮೆಯವನು. ಹೆಂಡತಿ ಗಡಿಯಾಚೆ, ಕಚೇರಿಗಳೆಲ್ಲ ಮಲಯಾಳದಲ್ಲಿ ನಡೆಯುವ ಎಡನೀರಿನ ಕಡೆಯವಳು. ಅವಳ ತಾಯಿಯ ಪಾಲಿನಿಂದ ಬಂದ ಒಂದೂವರೆ ಎಕರೆ ಜಾಗ ದೇಲಂಪಾಡಿಯ ಆಚೆ, ತೋಡಿನ ಬದಿಯಲ್ಲಿ ಇತ್ತು. ನಿವೃತ್ತಿಯಾದದ್ದೇ ನಾವು ಅಲ್ಲಿಗೆ ಬಂದು ಒಂದು ಸಣ್ಣ ಮನೆ ಕಟ್ಟಿ ಕೂತೆವು. ಸುತ್ತ ಇರುವವರೆಲ್ಲ ನಮ್ಮ ಹಾಗೆ ಎಕರೆ, ಅರ್ಧ ಎಕರೆಯವರು. ತೆಂಗು, ಬಾಳೆ, ಮಳೆ ಹೋದ ಮೇಲೆ ಒಂದಿಷ್ಟು ತರಕಾರಿ. ನಮಗೂ ಅವರಿಗೂ ಒಂದೇ ವ್ಯತ್ಯಾಸ: ಅವರಿಗೆ ಕೃಷಿ ಗೊತ್ತಿತ್ತು.

ನೆರೆಹೊರೆಯವರ ಸ್ನೇಹ ಸಂಪಾದಿಸಬೇಕು ಎಂದು ನಾನು ಬರುವ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೊಂದು ಯೋಜನೆಯೂ ಇತ್ತು. ಮೊದಲ ವಾರವೇ ಮನೆಮನೆಗೆ ಒಂದೊಂದು ಡಬ್ಬಿ ಮೈಸೂರು ಪಾಕು ಕೊಂಡುಹೋದೆ. “ಇಲ್ಲಿ ಹಾಗೆಲ್ಲ ಸಿಹಿ ಹಂಚಿದರೆ ಮದುವೆ ಯಾರದ್ದು ಅಂತ ಕೇಳ್ತಾರೆ” ಎಂದು ಹೆಂಡತಿ ಎಚ್ಚರಿಸಿದಳು. ನಾಲ್ಕು ಮನೆಯಲ್ಲಿ ಕೇಳಿದರು. ಆಮೇಲೆ ವಾಟ್ಸಾಪಿನಲ್ಲಿ ‘ನೆರೆಕರೆ’ ಎಂಬ ಗುಂಪು ಮಾಡಿದೆ. ನೆರೆಹೊರೆಗೆ ಇಲ್ಲಿನ ಮಾತು ಅದು. ಆ ಗುಂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ ಬರುತ್ತಿತ್ತು, ಸಂಜೆ ಸೂರ್ಯಾಸ್ತದ್ದು. ಸೂರ್ಯಾಸ್ತ ಎಲ್ಲರ ಅಂಗಳದಿಂದಲೂ ಕಾಣುತ್ತಿದ್ದುದರಿಂದ ಅದಕ್ಕೆ ಯಾರೂ ಉತ್ತರ ಕೊಡುತ್ತಿರಲಿಲ್ಲ.

ಅಣ್ಣೇರ ಬಳಿ ಅಂಥ ಫೋನು ಇರಲಿಲ್ಲ. ಅವರು ನಮ್ಮ ಪಕ್ಕದ ಜಾಗದವರು. ಎಪ್ಪತ್ತರ ಆಸುಪಾಸು, ಕೃಶ ಶರೀರ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಮುಂಡು, ತಲೆಗೆ ಸುತ್ತಿದ ಬೈರಾಸು. ಇಬ್ಬರ ಜಾಗದ ನಡುವೆ ಒಂದು ಬೇಲಿ, ಬೇಲಿಯಲ್ಲಿ ದಾಟಲು ಎರಡು ಮೆಟ್ಟಿಲಿನ ತಡಮೆ. ಮೈಸೂರು ಪಾಕಿನ ಡಬ್ಬಿ ಮುಟ್ಟಿದ ಮಾರನೆಯ ದಿನ ಅವರು ತಡಮೆ ದಾಟಿ ಬಂದು ನಮ್ಮ ಜಗಲಿಯಲ್ಲಿ ಕೂತರು. ಹೆಂಡತಿ ಒಳಗಿದ್ದಳು.

“ಮಾಷ್ಟ್ರು ಅಂತೆ ಅಲ್ವಾ ನೀವು? ಎಂತ ಕಲಿಸ್ತಿದ್ದದ್ದು?”

“ತರ್ಕ,” ಎಂದೆ.

ಎಲೆ ಅಡಿಕೆ ಜಗಿಯುತ್ತಿದ್ದ ಅವರ ಬಾಯಿ ನಿಂತಿತು.

“ಅದನ್ನು ಕಾಲೇಜಿನಲ್ಲಿ ಕಲಿಸ್ತಾರಾ?”

“ಮೂವತ್ತು ವರ್ಷ ಕಲಿಸಿದ್ದೇನೆ.”

“ಪರೀಕ್ಷೆಯೂ ಉಂಟಾ?”

“ಇದೆಯಲ್ಲ. ಕಷ್ಟದ ವಿಷಯ, ಅರ್ಧಕ್ಕರ್ಧ ಫೇಲಾಗುತ್ತಾರೆ. ಪಾಸಾದವರಲ್ಲಿ ಕೆಲವರು ಒಳ್ಳೆಯ ವಕೀಲರಾಗಿದ್ದಾರೆ.”

ಅವರು ಎದ್ದು ನಿಂತರು. ತಲೆಯ ಬೈರಾಸನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. “ಬರ್ತೇನೆ ಮಾಷ್ಟ್ರೇ” ಎಂದು ಎರಡು ಹೆಜ್ಜೆ ಹಿಂದಕ್ಕೇ ನಡೆದು, ಆಮೇಲೆ ತಿರುಗಿ ಹೋದರು. ವಿದ್ಯೆಗೆ ಈ ಊರಿನಲ್ಲಿ ಇನ್ನೂ ಇಷ್ಟು ಬೆಲೆ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಅವರು ಕೊಟ್ಟ ಮರ್ಯಾದೆಯನ್ನು ಹೆಂಡತಿಗೆ ಹೇಳಿದೆ. ಅವಳಿಗೂ ಸಂತೋಷವಾಯಿತು.

ಉಳಿದವರ ಜೊತೆ ಅವರು ಹೇಗಿದ್ದಾರೆ ಎಂಬುದು ಗೊತ್ತಾಗಲು ಒಂದು ವಾರ ಸಾಕಾಯಿತು. ತೋಡಿನ ಕೆಳಗಿನ ಮನೆ ಐಸಮ್ಮನದು. ಗಂಡ ತೀರಿಹೋದ ಮೇಲೆ ಬಾಳೆ, ಆಡು ಎರಡನ್ನೂ ಒಬ್ಬಳೇ ನೋಡಿಕೊಳ್ಳುವ ಗಟ್ಟಿ ಹೆಂಗಸು. ಒಂದು ಬೆಳಿಗ್ಗೆ ಅಣ್ಣೇರು ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಆಕೆಯ ಬೇಲಿಯ ತಡಮೆಯ ಮೇಲೆ ಒಂದು ಕಾಲಿಟ್ಟು ನಿಂತರು. ಆಮೇಲೆ ಶುರುವಾಯಿತು. ಅವರ ಲೆಕ್ಕದಲ್ಲಿ ಕನ್ನಡ ನನ್ನಂಥವರಿಗೆ, ಮಲಯಾಳ ಕಚೇರಿಗೆ, ಜಗಳಕ್ಕೆ ತುಳು. ಆಡು ಅವರ ಅಲಸಂಡೆಯ ಸಾಲು ಮೇಯ್ದದ್ದರಿಂದ ಹಿಡಿದು ಆಕೆಯ ಮಾವ ನಲವತ್ತು ವರ್ಷದ ಹಿಂದೆ ಒಂದು ಗುದ್ದಲಿಯನ್ನು ಹಿಡಿ ಸಡಿಲ ಮಾಡಿ ಹಿಂದಕ್ಕೆ ಕೊಟ್ಟದ್ದರವರೆಗೆ ಎಲ್ಲವೂ ಬಂತು ಎಂದು ಆಮೇಲೆ ಹೆಂಡತಿ ಬಿಡಿಸಿ ಹೇಳಿದಳು. ಐಸಮ್ಮ ಸೊಂಟಕ್ಕೆ ಕೈಕೊಟ್ಟು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಕೊಲೆಯಾಗಬಹುದು ಎಂದು ನಾನು ಓಡಿದೆ. ನಾನು ಮುಟ್ಟುವಾಗ ಅಣ್ಣೇರು ತಡಮೆ ದಾಟಿ ಅವಳ ಜಗಲಿಯಲ್ಲಿ ಬೆಲ್ಲ ನೀರು ಕುಡಿಯುತ್ತಿದ್ದರು.

ಅದೇ ಅವರ ಕ್ರಮ. ಜಗಳ ತಡಮೆಯ ಮೇಲಿನಿಂದ, ಒಂದು ಕಾಲು ಮಾತ್ರ ಊರಿ. ಜಗಳ ಮುಗಿಯದೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅಂಗಳಕ್ಕೆ ಇಳಿದ ಮೇಲೆ ಜಗಳದ ಸುದ್ದಿ ಎತ್ತುವ ಹಾಗೂ ಇಲ್ಲ. ಐಸಮ್ಮನ ಮಾಡಿನ ಹಂಚು ಗಾಳಿಗೆ ಹಾರಿದಾಗ ಅವರು ಮೇಲೆ ಹತ್ತಿ ಅರ್ಧ ದಿನ ಹಂಚು ಹೊದೆಸಿದರು. ಅಷ್ಟು ಹೊತ್ತೂ ಅವಳಿಗೆ, ಅವಳ ಬಡಗಿಗೆ, ಗಾಳಿಗೆ ಬೈಯುತ್ತಲೇ ಇದ್ದರು. ನಮ್ಮ ಹಸು ಕರು ಹಾಕಲಾರದೆ ಒದ್ದಾಡಿದ ದಿನ ನಮ್ಮಲ್ಲಿಗೂ ಬಂದರು. ಎರಡು ಗಂಟೆ ಹೊತ್ತು ಒಂದೂ ಮಾತಿಲ್ಲದೆ ಕೆಲಸ ಮಾಡಿ, ಕೈ ತೊಳೆದು, “ಹೆಣ್ಣು ಕರು, ಒಳ್ಳೆದಾಯ್ತು ಮಾಷ್ಟ್ರೇ” ಎಂದು ನಮಸ್ಕಾರ ಮಾಡಿ ಹೋದರು. ಅಗ್ನಿಶಾಮಕ ದಳದವರು ಬಂದು ಹೋದ ಹಾಗಾಯಿತು.

ಇನ್ನು ಕಟ್ಟದ ವಿಷಯ ಹೇಳಬೇಕು. ನವೆಂಬರ್ ಮುಗಿಯುತ್ತ ಬಂದಾಗ ತೋಡಿನ ನೀರು ಇಳಿಯುತ್ತದೆ. ಆಗ ಹನ್ನೊಂದು ಮನೆಯವರೂ ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತೇವೆ. ಎರಡು ಸಾಲು ಕಲ್ಲು, ನಡುವೆ ಮಣ್ಣು ತುಂಬಿ ತುಳಿಯುವುದು. ನೀರು ನಿಂತರೆ ಎಲ್ಲರ ಬಾವಿಯಲ್ಲೂ ಮೇ ತಿಂಗಳವರೆಗೆ ನೀರು. ನಿಲ್ಲದಿದ್ದರೆ ಫೆಬ್ರವರಿಗೇ ಬಾವಿಯ ತಳ ಕಾಣುತ್ತದೆ, ಬಾಳೆ ಒಣಗುತ್ತದೆ. ಈ ಕೆಲಸಕ್ಕೆ ಕೂಲಿಯಿಲ್ಲ, ಸಮಿತಿಯಿಲ್ಲ, ನೋಟೀಸಿಲ್ಲ. ಅಣ್ಣೇರು ಮಾತ್ರ. ವಾರ ಮೊದಲು ಅವರು ಮನೆಮನೆಯ ತಡಮೆಯಲ್ಲಿ ನಿಂತು ಜಗಳ ತೆಗೆಯುತ್ತಿದ್ದರು. “ಕಳೆದ ವರ್ಷ ನೀನು ಹೊತ್ತದ್ದು ಹತ್ತು ಕಲ್ಲು, ಗಂಜಿ ಬಡಿಸಿಕೊಂಡದ್ದು ಮೂರು ಸಲ. ಈ ವರ್ಷ ಬರುವುದು ಬೇಡ!” ಹೀಗೆ ಹೇಳಿಸಿಕೊಂಡವನು ಬಾರದೆ ಇರುತ್ತಾನೆಯೇ? ಇಪ್ಪತ್ತು ಕಲ್ಲು ಹೊತ್ತು ತೋರಿಸಲು ಎಲ್ಲರಿಗಿಂತ ಮೊದಲು ಬರುತ್ತಿದ್ದ.

ನನ್ನಲ್ಲಿಗೂ ಬಂದರು. ತಡಮೆ ದಾಟಿ, ಜಗಲಿಯಲ್ಲಿ ಕೂತು, ತಗ್ಗಿದ ಸ್ವರದಲ್ಲಿ ಹೇಳಿದರು: “ನಾಳೆ ಕಟ್ಟ ಉಂಟು ಮಾಷ್ಟ್ರೇ. ನಿಮಗೆ ಸುಮ್ಮನೆ ತೊಂದ್ರೆ. ನೀವು ಬರುವುದು ಬೇಡ.” ಅದೇ ಮಾತು, ಆದರೆ ನಿಜವಾಗಿಯೂ ಬೇಡ ಎಂಬ ಅರ್ಥದಲ್ಲಿ. ಆದರೂ ಹೋದೆ. ಗೇರುಮರದ ಅಡಿಯಲ್ಲಿ ನನಗೆಂದು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ನಾಯ್ಮಾರ್ಮೂಲೆಯಿಂದ ಹೊಸತಾಗಿ ತಂದದ್ದಂತೆ. ನಾನು ಬುಟ್ಟಿಗೆ ಕೈಹಾಕಿದರೆ ಅಣ್ಣೇರು ಓಡಿಬಂದು “ಅಯ್ಯೋ ಮಾಷ್ಟ್ರೇ” ಎಂದು ಬಿಡಿಸಿಕೊಳ್ಳುತ್ತಿದ್ದರು. ಹತ್ತು ಮನೆಯವರು ಸೊಂಟದ ತನಕ ಕೆಸರಾಗಿ, ಒಬ್ಬರಿಗೊಬ್ಬರು ಬೈದುಕೊಂಡು, ನಕ್ಕು, ನನ್ನ ಬಾವಿಗೂ ಸೇರಿಸಿ ನೀರು ನಿಲ್ಲಿಸಿದರು. ನಾನು ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ ಕೂತಿದ್ದೆ. ಹೀಗೆ ಮೂರು ವರ್ಷ.

ಆ ಕುರ್ಚಿಯಿಂದ ಏಳಬೇಕು ಎಂಬುದು ನನಗೆ ಹಟವೇ ಆಗಿಬಿಟ್ಟಿತು. ಅಣ್ಣೇರು ಬೈದರೆ ಮಾತ್ರ ನಾನು ಇಲ್ಲಿಯವನು, ಇಲ್ಲವಾದರೆ ಸಾಯುವವರೆಗೂ ಅತಿಥಿ. ಆದ್ದರಿಂದ ಬೈಗುಳ ಸಂಪಾದಿಸಲು ಹೊರಟೆ. ನಮ್ಮ ಬಾಳೆಗೊನೆ ಅವರ ಬೇಲಿಯ ಮೇಲೆ ವಾಲುವಂತೆ ಬಿಟ್ಟೆ. ಅವರು ಒಂದು ಊರುಗೋಲು ತಂದು ಕೊಟ್ಟರು. ಬೇಲಿಯ ಎರಡು ಗೂಟಗಳನ್ನು ಗೇಣುದ್ದ ಅವರ ಕಡೆಗೆ ಸರಿಸಿದೆ. ಈ ಪಾಪವನ್ನು ಹೆಂಡತಿಗೂ ಹೇಳಿರಲಿಲ್ಲ. ಅವರು ನೋಡಿದರು, ಕಡ್ಡಿಯೊಂದರಿಂದ ನೆಲ ಕೆರೆದರು, ಸುಮ್ಮನೆ ಹೋದರು. ಕೊನೆಗೆ ಗಾಳಿ ನೋಡಿಕೊಂಡು, ಅವರ ಮನೆಯ ಕಡೆಗೇ ಹೊಗೆ ಹೋಗುವ ಹಾಗೆ ಒದ್ದೆ ತರಗೆಲೆಗೆ ಬೆಂಕಿ ಹಾಕಿದೆ. ಅವರು ಕೆಮ್ಮುತ್ತ ಬಂದರು. ನಾನು ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ.

“ಸೊಳ್ಳೆ ಎಲ್ಲ ಹೋಯ್ತು ಮಾಷ್ಟ್ರೇ, ಉಪಕಾರ ಆಯ್ತು,” ಎಂದರು.

ಮಾರನೆಯ ದಿನ ಸೋಲೊಪ್ಪಿಕೊಂಡು ಐಸಮ್ಮನ ಮುಂದೆ ದುಃಖ ತೋಡಿಕೊಂಡೆ. ಹೆಂಡತಿಯೂ ಜೊತೆಗಿದ್ದಳು. ಅಣ್ಣೇರು ನನ್ನ ಮೇಲೆ ಯಾಕೆ ಹೀಗೆ ಮುನಿದಿದ್ದಾರೆ ಎಂದು ಕೇಳಿದೆ.

“ಮುನಿಸು ಎಂತದ್ದು?” ಎಂದಳು ಐಸಮ್ಮ. “ಹೆದರಿಕೆ. ತರ್ಕವನ್ನು ಮೂವತ್ತು ವರ್ಷ ಕಾಲೇಜಿನಲ್ಲಿ ಕಲಿಸಿದ ಜನ ಅಂತೆ ನೀವು. ನಿಮ್ಮ ಹತ್ತಿರ ಕಲಿತವರು ವಕೀಲರಾಗಿದ್ದಾರಂತೆ. ಅಂಥವರ ಹತ್ತಿರ ಬಾಯಿ ಕೊಟ್ಟರೆ ಇದ್ದ ಜಾಗವೂ ಹೋದೀತು, ಯಾರೂ ಮಾಷ್ಟ್ರ ಸುದ್ದಿಗೆ ಹೋಗ್ಬೇಡಿ ಅಂತ ಅಣ್ಣೇರು ಆವತ್ತೇ ಎಲ್ಲರಿಗೂ ಹೇಳಿದ್ದಾರೆ.”

ಹೆಂಡತಿ ನೆಲದ ಮೇಲೆ ಕೂತು ನಗತೊಡಗಿದಳು. ನನಗೆ ಅರ್ಥವಾಗಲು ಅವಳು ನಗು ನಿಲ್ಲಿಸಬೇಕಾಯಿತು. ಇಲ್ಲಿ ತರ್ಕ ಎಂದರೆ ಜಗಳ, ಅದರಲ್ಲೂ ಜಾಗದ ಜಗಳ. ಮಲಯಾಳದ ಕಚೇರಿಯಿಂದ ಬಂದ ಮಾತು. ಜಾಗದ ಕಾಗದಕ್ಕೆಂದು ವಿಲ್ಲೇಜ್ ಆಫೀಸಿಗೆ ಹೋದರೆ ಮೊದಲು ಕೇಳುವುದೇ “ತರ್ಕ ಉಂಟಾ?” ಎಂದು. ನಾನು ಜಗಲಿಯಲ್ಲಿ ಕೂತು ಹೆಮ್ಮೆಯಿಂದ ಹೇಳಿಕೊಂಡದ್ದು ಇಷ್ಟು: ಜಗಳ ಕಲಿಸುವುದು ನನ್ನ ಉದ್ಯೋಗ, ಮೂವತ್ತು ವರ್ಷದ ಅನುಭವ ಇದೆ, ಪರೀಕ್ಷೆಯನ್ನೂ ಮಾಡುತ್ತೇನೆ. ಪದಗಳನ್ನು ಸ್ಪಷ್ಟವಾದ ಅರ್ಥದಲ್ಲಿ ಬಳಸಬೇಕು ಎಂದು ಅಷ್ಟು ವರ್ಷ ಪಾಠ ಮಾಡಿದವನು ನಾನು.

ಮರುದಿನ ಬೆಳಿಗ್ಗೆಯೇ ಹೋದೆ. ಅಣ್ಣೇರು ಅಲಸಂಡೆಯ ಬಳ್ಳಿಗೆ ಕೋಲು ಊರುತ್ತಿದ್ದರು.

“ಅಣ್ಣೇರೇ, ತರ್ಕ ಎಂದರೆ ಜಗಳ ಅಲ್ಲ. ಸರಿಯಾಗಿ ಯೋಚನೆ ಮಾಡುವ ಶಾಸ್ತ್ರ.”

“ಹಾಗೆಂದ್ರೆ?”

“ಈಗ ನೋಡಿ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಆ ಗುಡ್ಡದ ಮೇಲೆ ಹೊಗೆ ಇದೆ. ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ತರ್ಕ.”

ಅವರು ಕೋಲು ಕೆಳಗೆ ಹಾಕಿದರು.

“ಇಷ್ಟೇಯಾ?”

“ಮುಖ್ಯವಾಗಿ ಇಷ್ಟೇ.”

“ಇದಕ್ಕೆ ಕಾಲೇಜಾ? ಮೂವತ್ತು ವರ್ಷವಾ? ನಿಮ್ಮ ಅಂಗಳದಿಂದ ಹೊಗೆ ಬಂದದ್ದು, ಬೆಂಕಿ ಹಾಕಿದ್ದು ನೀವೇ ಅಂತ ನನಗೆ ಮೊನ್ನೆಯೇ ಗೊತ್ತಿತ್ತು ಮಾರಾಯ್ರೇ!”

ಮಾರಾಯ್ರೇ! ನಾನು ಆ ಮಾತಿನ ರುಚಿ ನೋಡುತ್ತಿರುವಾಗಲೇ ಅವರು ಕೈ ಎತ್ತಿ ತಡೆದರು. “ಒಂದು ನಿಮಿಷ ನಿಲ್ಲಿ. ಮೊದಲು ನೀವು ನಿಮ್ಮ ಬದಿಗೆ ಹೋಗಿ.” ನಾನು ತಡಮೆ ದಾಟಿ ನಮ್ಮ ಜಾಗದಲ್ಲಿ ನಿಂತೆ. ಅವರು ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಂದು ತಡಮೆಯ ಮೇಲೆ ಕಾಲಿಟ್ಟರು. ಆಮೇಲೆ ಮೂರು ವರ್ಷದ್ದು ಒಟ್ಟಿಗೇ ಬಂತು. ಬಾಳೆಗೊನೆ ಬಂತು, ಗೂಟ ಬಂತು, ಹೊಗೆಗೆ ಅವರ ಹೆಂಡತಿ ಎರಡು ದಿನ ಕೆಮ್ಮಿದ್ದು ಬಂತು. “ಬಾಳೆಯ ಬುಡಕ್ಕೆ ಹಾಗಾ ನೀರು ಬಿಡುವುದು? ಅದು ಬಾಳೆಯಾ ಎಮ್ಮೆಯಾ, ಮೀಯಿಸ್ಲಿಕ್ಕೆ? ನಿಮ್ಮ ಆ ಮೈಸೂರು ಪಾಕಿನಲ್ಲಿ ನನ್ನ ಒಂದು ಹಲ್ಲು ಹೋಯ್ತು. ಕೋರ್ಟಿಗೆ ಎಳೆದಾರು ಅಂತ ಬಾಯಿ ಮುಚ್ಚಿ ಕೂತೆ. ಮೂರು ವರ್ಷ! ಪಕ್ಕದ ಮನೆಯವನಿಗೆ ಬೈಯದೆ ಮೂರು ವರ್ಷ ಬದುಕುವುದು ಎಷ್ಟು ಕಷ್ಟ ಅಂತ ಗೊತ್ತುಂಟಾ ನಿಮಗೆ?” ಮಧ್ಯದಲ್ಲಿ ತುಳುವಿಗೆ ಹೊರಳಿದರು. ನನಗೆ ಅರ್ಧ ಅರ್ಥವಾಗಲಿಲ್ಲ. ಅರ್ಥವಾಗದ ಅರ್ಧವೂ ನನ್ನದೇ ಎಂದು ಖುಷಿಯಾಯಿತು. ನನಗೆ ಅಷ್ಟು ಸಂತೋಷ ನಿವೃತ್ತಿಯ ದಿನದ ಹಾರ ತುರಾಯಿಗಳಲ್ಲೂ ಸಿಕ್ಕಿರಲಿಲ್ಲ. ಮುಗಿಸಿದವರೇ ಇಳಿದು ಬಂದರು. ಬೆಲ್ಲ ನೀರು ಕುಡಿದು, ಗೂಟಗಳನ್ನು ಕಿತ್ತು ಮೊದಲಿನ ಜಾಗದಲ್ಲಿ ತಾವೇ ಹೊಡೆದು ಹೋದರು.

ಆ ವರ್ಷದ ಕಟ್ಟಕ್ಕೆ ಕುರ್ಚಿ ಬರಲಿಲ್ಲ. ನಾನು ಮಣ್ಣು ಹೊತ್ತೆ. “ಅದೆಂತ ಮಣ್ಣಾ, ದೇವಸ್ಥಾನದ ಪ್ರಸಾದವಾ? ಬುಟ್ಟಿ ತುಂಬಿಸಿ ಮಾರಾಯ್ರೇ!” ಎಂದು ಪ್ರತಿ ಸಲವೂ ಹೇಳಿಸಿಕೊಂಡೆ. ಒಮ್ಮೆ ಗಂಜಿ ಕುಡಿಯುವಾಗ ಕೇಳಿದೆ, ಜಗಳವಿಲ್ಲದೆ ಸುಮ್ಮನೆ ಕರೆದರೆ ಇವರೆಲ್ಲ ಬರುವುದಿಲ್ಲವೇ ಎಂದು. “ಬರ್ತಾರೆ,” ಎಂದರು ಅಣ್ಣೇರು. “ಕರೆದರೆ ಬಂದವನು ಕೈ ಕಟ್ಟಿ ನಿಲ್ತಾನೆ. ಸಿಟ್ಟಿನಲ್ಲಿ ಬಂದವನು ಕಲ್ಲು ಹೊರ್ತಾನೆ.”

ಮುಂದಿನ ಆಟಿ ತಿಂಗಳಲ್ಲಿ, ಆಷಾಢದ ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಎಲ್ಲ ಮನೆಯವರೂ ಬಂದರು. ತಮಗೆ ಅವರು ಏನೇನು ಬೈದಿದ್ದರು ಎಂದು ಒಬ್ಬರ ಮೇಲೊಬ್ಬರು ಹೇಳಿಕೊಂಡು ಅತ್ತರು. ಐಸಮ್ಮನ ಬಳಿ ಮೂವತ್ತು ವರ್ಷದ್ದಿತ್ತು. ನನ್ನ ಬಳಿ ಒಂದು ವರ್ಷದ್ದು ಮಾತ್ರ. ನನಗೆ ಹೊಟ್ಟೆಕಿಚ್ಚಾಯಿತು. ಆ ಮೂರು ವರ್ಷಗಳನ್ನು ಒಂದು ಶಬ್ದದ ಅರ್ಥಕ್ಕೆ ಬಲಿಕೊಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ನವೆಂಬರ್ ಬಂತು, ತೋಡು ಇಳಿಯಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ಬಹಳ ಸಭ್ಯರಾಗಿಬಿಟ್ಟಿದ್ದರು. ಕೊನೆಗೆ ನಾನೇ ವಾಟ್ಸಾಪಿನಲ್ಲಿ ಬರೆದೆ: ‘ಭಾನುವಾರ ಬೆಳಿಗ್ಗೆ ಕಟ್ಟದ ಕೆಲಸ ಇದೆ. ಎಲ್ಲರೂ ದಯವಿಟ್ಟು ಬರಬೇಕಾಗಿ ವಿನಂತಿ.’ ಒಂಬತ್ತು ಹೆಬ್ಬೆರಳು ಬಂದುವು. ಭಾನುವಾರ ಬಂದದ್ದು ಇಬ್ಬರು. ಮೂವರೂ ಸ್ವಲ್ಪ ಹೊತ್ತು ನೀರು ಹರಿದು ಹೋಗುವುದನ್ನು ನೋಡಿ ಮನೆಗೆ ಬಂದೆವು. “‘ದಯವಿಟ್ಟು’ ಅಂತ ಇತ್ತಲ್ಲ, ಪಂಚಾಯತಿನವರದ್ದು ಅಂತ ಗ್ರಹಿಸಿದೆ,” ಎಂದಳು ಐಸಮ್ಮ.

ಇನ್ನೊಂದು ವಾರ ಕಳೆದರೆ ನಿಲ್ಲಿಸಲು ನೀರೇ ಇರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಾಯಿ ಮುಕ್ಕಳಿಸಿ ಹೊರಟೆ. ಐಸಮ್ಮನ ತಡಮೆಯ ಮೇಲೆ ಕಾಲಿಟ್ಟು, “ಐಸಮ್ಮ, ನಿಮ್ಮ ಆಡುಗಳ ವರ್ತನೆ ಖಂಡನೀಯ” ಎಂದೆ. ಅವಳು ಕಣ್ಣು ಬಿಟ್ಟು ನೋಡಿದಳು. ನನಗೆ ಅದಕ್ಕಿಂತ ಕೆಟ್ಟ ಮಾತು ಬರುತ್ತಿರಲಿಲ್ಲ. ಆದರೂ ಬಿಡದೆ, ಕಳೆದ ವರ್ಷ ಅವಳು ಹೊತ್ತ ಕಲ್ಲುಗಳನ್ನು ಮಕ್ಕಳು ಆಡುವ ಬೆಣಚುಕಲ್ಲು ಎಂದು ಕರೆದೆ. ಅವಳ ಮುಖ ಕೆಂಪಾಯಿತು. “ಬೆಣಚುಕಲ್ಲಾ? ಕುರ್ಚಿಯಲ್ಲಿ ಕೂತವರು ನನಗೆ ಹೇಳ್ಲಿಕ್ಕೆ ಬಂದ್ರಾ?” ಎಂದು ಶುರು ಮಾಡಿದವಳು ಹತ್ತು ನಿಮಿಷ ನಿಲ್ಲಿಸಲಿಲ್ಲ. ಸಂಜೆಯೊಳಗೆ ಒಂಬತ್ತು ಮನೆ ಮುಗಿಸಿದೆ. ಗಂಟಲು ಒಡೆದಿತ್ತು. ಎಲ್ಲರೂ ನನಗೆ ಸರಿಯಾಗಿ ಬೈದು ಕಳಿಸಿದ್ದರು.

ಅಣ್ಣೇರ ಮನೆಗೆ ಹೋಗಲಿಲ್ಲ. ನಾಲ್ಕು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸು, ಅವರನ್ನು ಸುಮ್ಮನೆ ಬಿಡುವುದೇ ಮರ್ಯಾದೆ ಎಂದುಕೊಂಡೆ. ಬೇಲಿಯ ಬದಿಯಲ್ಲಿ ತಲೆ ತಗ್ಗಿಸಿ ದಾಟುತ್ತಿದ್ದಾಗ ಅವರೇ ಕರೆದರು.

“ಮಾಷ್ಟ್ರೇ, ಒಂಬತ್ತು ಮನೆಗೆ ಹೋಗಿ ಬೈದ್ರಂತೆ.”

“ಹೌದು ಅಕ್ಕ.”

“ನಮ್ಮಲ್ಲಿಗೆ ಯಾಕೆ ಬರ್ಲಿಲ್ಲ? ಅವರು ಹೋದ್ರು ಅಂತ ನಾವು ನೆರೆಕರೆ ಅಲ್ಲ ಅಂತ ಆಯ್ತಾ?”

ನಾನು ಬಂದು ತಡಮೆಯ ಮೇಲೆ ಒಂದು ಕಾಲಿಟ್ಟೆ. ಅವರು ಗೂಟ ಹಿಡಿದು ಕಾಯುತ್ತ ನಿಂತರು. ಬೈಯಲು ಆ ಹೆಂಗಸಿನಲ್ಲಿ ನನಗೆ ಒಂದೂ ತಪ್ಪು ಸಿಗಲಿಲ್ಲ.

“ನಿಮ್ಮ ಯಜಮಾನರು ಮಾಡಿದ್ದು ಸರಿಯಾ ಅಕ್ಕ?” ಎಂದುಬಿಟ್ಟೆ. “ಮೂರು ವರ್ಷ ನನ್ನನ್ನು ಮಂತ್ರಿಯ ಹಾಗೆ ಕೂರಿಸಿದರು. ಒಂದೇ ಒಂದು ವರ್ಷ ಮನುಷ್ಯನ ಹಾಗೆ ನೋಡಿದರು. ಕಲ್ಲು ಹೇಗೆ ಕೂರಿಸುವುದು ಅಂತ ಹೇಳಿಕೊಡಲಿಲ್ಲ, ಮಣ್ಣು ಯಾವುದು ಅಂತ ಹೇಳಿಕೊಡಲಿಲ್ಲ. ಹನ್ನೊಂದು ಮನೆಯ ನೀರನ್ನು ಏನೂ ಗೊತ್ತಿಲ್ಲದವನ ತಲೆಗೆ ಕಟ್ಟಿ, ಯಾರಿಗೂ ಒಂದು ಮಾತು ಹೇಳದೆ ಎದ್ದು ಹೋಗುವುದಾ? ಇದೆಂಥ ನೆರೆಕರೆ?” ನನ್ನ ಸ್ವರ ಏರಿತ್ತು. ನನಗೆ ನಿಜವಾಗಿಯೂ ಅಷ್ಟು ಸಿಟ್ಟು ಇತ್ತು ಎಂದು ಆಗಲೇ ಗೊತ್ತಾದದ್ದು.

ಅಕ್ಕನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ನಾನು ನಿಲ್ಲಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಮಣ್ಣು ಯಾವುದು ಅಂತ ಗೊತ್ತಿಲ್ಲದೆಯಾ ಒಂಬತ್ತು ಮನೆಗೆ ಬೈದದ್ದು?” ಎಂದರು, ಆಚೆ ದಡಕ್ಕೂ ಕೇಳುವ ಹಾಗೆ. “ನಲವತ್ತು ವರ್ಷ ಆ ಮಣ್ಣು ಅವರಿಗೆ ಅಗೆದು ಕೊಟ್ಟದ್ದು ಯಾರು ಅಂತ ಗ್ರಹಿಸಿದ್ದೀರಿ? ನಾಳೆ ಏಳು ಗಂಟೆಗೆ ಗುದ್ದಲಿ ಹಿಡಿದು ಬನ್ನಿ, ತೋರಿಸ್ತೇನೆ. ತಡ ಮಾಡಿ ಬಂದ್ರೆ ಮಾತ್ರ ನಾನು ಸುಮ್ಮನೆ ಬಿಡುವವಳಲ್ಲ ಮಾರಾಯ್ರೇ!”